ಹತ್ತಿಯ ಹಿಡಿತ

ಗಾಜಿನ ಕೊಳವೆಯಲ್ಲಿ ನೆನೆದ ಬಿಳಿ ಪುಡಿ, ಕೆಳಗೆ ಒಂದೊಂದಾಗಿ ತೊಟ್ಟಿಕ್ಕುವ ಹನಿ. ಜೀವರಸಾಯನದ ಪ್ರಯೋಗಾಲಯದಲ್ಲಿ ಇದಕ್ಕಿಂತ ಚಂದದ ನೋಟ ನನಗೆ ಬೇರೆ ಕಾಣದು. ಆ ಪುಡಿಯೇ ಡಿಇಎಇ-ಸೆಲ್ಯುಲೋಸ್. ಮೂಲದಲ್ಲಿ ಅದು ಹತ್ತಿಯಲ್ಲೂ ಮರದಲ್ಲೂ ಇರುವ ನಾರು.

ಪ್ರೋಟೀನುಗಳನ್ನು ಒಂದರಿಂದೊಂದು ಬೇರ್ಪಡಿಸಲು ಈ ಪುಡಿಗೂ ಮೊದಲು ಬಳಕೆಯಲ್ಲಿದ್ದ ಕೃತಕ ರಾಳಗಳ ಒಳಗೆ ದೊಡ್ಡ ಪ್ರೋಟೀನುಗಳು ನುಸುಳಲಾರದೆ ಹೋಗುತ್ತಿದ್ದವು. ಅಂಟಿದವು ಎಷ್ಟೋ ಸಲ ಕೆಟ್ಟೇ ಹೊರಬರುತ್ತಿದ್ದವು. ಅಮೆರಿಕದ ಎಲ್ಬರ್ಟ್ ಪೀಟರ್‌ಸನ್ ಮತ್ತು ಹರ್ಬರ್ಟ್ ಸೋಬರ್ ಸೆಲ್ಯುಲೋಸಿಗೆ ವಿದ್ಯುದಾವೇಶದ ಗುಂಪುಗಳನ್ನು ಜೋಡಿಸಿ, 1956ರಲ್ಲಿ ಆ ಕೆಲಸವನ್ನು ಪ್ರಕಟಿಸಿದರು. ನೀರಿಗೆ ಒಗ್ಗುವ, ಸಡಿಲ ಹೆಣಿಗೆಯ ನಾರು ಪ್ರೋಟೀನಿಗೆ ನೋವಾಗದಂತೆ ಹಿಡಿಯಿತು. ಹಾಗೆ ಜೋಡಿಸಿದ ಗುಂಪುಗಳಲ್ಲಿ ಡಿಇಎಇ ಧನಾವೇಶದ್ದು, ಋಣಾವೇಶದ ಪ್ರೋಟೀನು ಅದಕ್ಕೆ ಅಂಟುತ್ತದೆ. ಆಮೇಲೆ ಬೇಕಾದದ್ದು ಬರೀ ಉಪ್ಪು! ದ್ರಾವಣದಲ್ಲಿ ಉಪ್ಪನ್ನು ಮೆಲ್ಲಗೆ ಏರಿಸುತ್ತ ಹೋದರೆ ಸಡಿಲವಾಗಿ ಅಂಟಿದ್ದು ಮೊದಲು ಇಳಿಯುತ್ತದೆ, ಬಿಗಿಯಾಗಿ ಅಂಟಿದ್ದು ಕೊನೆಗೆ. ಬಲವಂತವಿಲ್ಲದ ಈ ಬಿಡುಗಡೆಯೇ ನನಗೆ ಅಚ್ಚುಮೆಚ್ಚು.

ಇದೇ ನಾರಿನ ಇನ್ನೊಂದು ರೂಪ ನಮ್ಮ ಮಾತ್ರೆಗಳಲ್ಲಿದೆ. ದಿನಕ್ಕೊಂದೇ ನುಂಗುವ ಹಲವು ಮಾತ್ರೆಗಳಲ್ಲಿ ಎಚ್‌ಪಿಎಂಸಿ ಎಂಬ ಮಾರ್ಪಡಿಸಿದ ಸೆಲ್ಯುಲೋಸ್ ಇರುತ್ತದೆ. ಹೊಟ್ಟೆಯ ನೀರು ತಾಗಿದೊಡನೆ ಅದು ಉಬ್ಬಿ ಲೋಳೆಯ ಪದರವಾಗುತ್ತದೆ. ಔಷಧ ಆ ಪದರದ ಮೂಲಕ ಜಿನುಗುತ್ತ, ಗಂಟೆಗಟ್ಟಲೆ ರಕ್ತಕ್ಕೆ ಸೇರುತ್ತಿರುತ್ತದೆ.