ತಾರೀಖು ಕಳೆದುಕೊಂಡ ಹಡಗು

ಕುಬಟೂರಿಗೆ ಕಡಲು ದೂರ. ನಮ್ಮೂರಲ್ಲಿ ಕಡಲಿರುವುದು ಕೈಟಭೇಶ್ವರನ ಹೆಸರಿನಲ್ಲಿ. ಪ್ರಳಯದ ನೀರಿನ ಮೇಲೆ ಮಲಗಿದ ವಿಷ್ಣುವಿನ ಕಿವಿಯಿಂದ ಮಧು-ಕೈಟಭರು ಹುಟ್ಟಿದ ಕಥೆಯನ್ನು ಅಜ್ಜಿ ಆ ಗುಡಿಯ ಕಟ್ಟೆಯ ಮೇಲೆ ಕೂತೇ ಹೇಳಿದ್ದು. ಹಳೆಯ ಪತ್ರಿಕೆಗಳಲ್ಲಿ ಹಡಗಿನ ವ್ಯಂಗ್ಯಚಿತ್ರ ಕಂಡರೆ ನನ್ನ ಕೈ ತಾನಾಗಿ ಮುಂದೆ ಹೋಗುವುದು ಆ ದಿನಗಳಿಂದಲೇ ಇರಬೇಕು.

ನನ್ನಲ್ಲಿರುವ ಹಾಳೆಗಳಲ್ಲಿ ನಾನು ಹೆಚ್ಚು ಹೊತ್ತು ನೋಡುವುದು ಲಂಡನ್ನಿನ ‘ಪಂಚ್’ ಪತ್ರಿಕೆಯ ಒಂದು ಚಿತ್ರವನ್ನು. ಬರೆದವರು ಜಾನ್ ಟೆನಿಯಲ್, ಆಲಿಸಳ ಕಥೆಗೆ ಚಿತ್ರ ಬರೆದವರೇ. ಹಡಗನ್ನು ಬಂದರಿನಿಂದ ಸುರಕ್ಷಿತವಾಗಿ ದಾಟಿಸಿದ ಪೈಲಟ್ ಏಣಿ ಇಳಿದು ತನ್ನ ದೋಣಿಗೆ ಮರಳುವುದು ಕಡಲಿನವರ ನಿತ್ಯದ ಕೆಲಸ. ಇಲ್ಲಿ ಇಳಿಯುತ್ತಿರುವ ಪೈಲಟ್ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್. ಮೇಲೆ ಕಟಕಟೆಗೆ ಒರಗಿ ನೋಡುತ್ತಿರುವವನು ಕಿರೀಟ ತೊಟ್ಟ ಎಳೆಯ ದೊರೆ ಎರಡನೆಯ ವಿಲ್‌ಹೆಲ್ಮ್. ಮುದುಕನ ಒಂದು ಕೈ ಹಡಗಿನ ಮೈಯನ್ನು ಸವರಿಕೊಂಡೇ ಇಳಿಯುತ್ತಿದೆ. ಅಲೆ, ಬಿರುಗಾಳಿ ಯಾವುದೂ ಬೇಕಾಗಿಲ್ಲ. ಆ ಕೈಯೊಂದರಲ್ಲೇ ಇಡೀ ಬೀಳ್ಕೊಡುಗೆ ಇದೆ.

ಬಿಸ್ಮಾರ್ಕ್ ರಾಜೀನಾಮೆ ಕೊಟ್ಟದ್ದು 1890ರ ಮಾರ್ಚ್ 18ರಂದು, ಚಿತ್ರ ಬಂದದ್ದು 29ರ ಸಂಚಿಕೆಯಲ್ಲಿ. ಆ ತಾರೀಖು ಹರಿದುಹೋದರೆ ಏಣಿ ಇಳಿಯುವ ಒಬ್ಬ ಮುದುಕ ಮಾತ್ರ ಉಳಿಯುತ್ತಾನೆ. ಅದಕ್ಕೇ ಹೇಳುವುದು, ಚಿತ್ರಕ್ಕೆ ಕತ್ತರಿ ಹಾಕಬೇಡಿ, ಇಡೀ ಹಾಳೆ ಇಡಿ. ನಾನು ಹೈಸ್ಕೂಲಿನಲ್ಲಿದ್ದಾಗ ಬೇರೊಂದು ಪತ್ರಿಕೆಯ ದೋಣಿಯ ಚಿತ್ರವನ್ನು ಅಂಚು ಬಿಡದೆ ಕತ್ತರಿಸಿ, ಸೆಲ್ಲೋಟೇಪಿನಿಂದ ನೋಟ್‌ಬುಕ್ಕಿಗೆ ಅಂಟಿಸಿದ್ದೆ. ಟೇಪು ಉದುರಿ ಹೋಗಿದೆ, ಅದರ ಕಂದು ಕಲೆ ಕಾಗದಕ್ಕೆ ಇಳಿದಿದೆ. ಯಾವ ವರ್ಷದ್ದು, ಯಾರು ಬರೆದದ್ದು ಎಂದು ತಿಳಿಯುವ ದಾರಿಯೇ ಇಲ್ಲ. ಆ ನಷ್ಟ ಈಗಲೂ ನೋಯುತ್ತದೆ.

ಕೊಳ್ಳುವಾಗ ಭೂತಗನ್ನಡಿ ಜೊತೆಗಿರಲಿ. ಆ ಕಾಲದ ‘ಪಂಚ್’ ಚಿತ್ರಗಳನ್ನು ಮರದ ಅಚ್ಚಿನಲ್ಲಿ ಕೊರೆಯುತ್ತಿದ್ದರು, ಗೆರೆ ತುಂಡಾಗದೆ ಹರಿಯುತ್ತದೆ. ಹಲವು ತುಂಡು ಜೋಡಿಸಿ ಬಿಗಿದ ಅಚ್ಚಾದರೆ ಕೆಲವೆಡೆ ಸಂದಿನ ಬಿಳಿ ಎಳೆಯೂ ಕಾಣುತ್ತದೆ. ಗೆರೆಯ ಬದಲು ಸಣ್ಣ ಚುಕ್ಕೆಗಳ ಸಾಲು ಕಂಡರೆ ಅದು ಆಮೇಲಿನ ಮರುಮುದ್ರಣ.

‘ನ್ಯೂಯಾರ್ಕರ್’ ಬೆಳೆಸಿದ ಒಂಟಿ ದ್ವೀಪ, ಒಂದು ತಾಳೆಮರ, ಇಬ್ಬರು ಪಾಪದವರ ಚಿತ್ರಗಳೂ ನನಗಿಷ್ಟ. ಅಲ್ಲಿ ಕಡಲೆಂದರೆ ಒಂದು ಅಡ್ಡಗೆರೆ, ಅಷ್ಟೆ. ಕನ್ನಡದಲ್ಲಿ ರಾಶಿಯವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ಯನ್ನೂ ಹುಡುಕುತ್ತಿರುತ್ತೇನೆ. ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲೇ ಗೆರೆ ಎಳೆದ ಪತ್ರಿಕೆ ಅದು. ರದ್ದಿ ಅಂಗಡಿಯಲ್ಲಿ ಅದರ ಒಂದೇ ಸಂಚಿಕೆ ಸಿಕ್ಕರೂ ಬಿಡಬೇಡಿ, ಹಡಗು ಇರಲಿ ಬಿಡಲಿ.

ನಮ್ಮ ಕಡೆ ಮಳೆಗಾಲದ ಥಂಡಿ, ಗೆದ್ದಲು ಎರಡೂ ಕಾಗದದ ವೈರಿಗಳು. ಲ್ಯಾಮಿನೇಷನ್ ಮಾಡಿಸಲೇಬೇಡಿ, ಆಮೇಲೆ ಅದನ್ನು ಬಿಡಿಸಲು ಬರುವುದಿಲ್ಲ. ಆರಿದ್ರಾ ಮಳೆ ಹಿಡಿಯಿತೆಂದರೆ ನನ್ನ ಟ್ರಂಕು ಮುಚ್ಚಿಬಿಡುತ್ತೇನೆ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಜಗಲಿಯ ನೆರಳಿನಲ್ಲಿ ಒಂದೊಂದೇ ಹಾಳೆ ಹರವುತ್ತೇನೆ, ಬಿಸ್ಮಾರ್ಕನದು ಮೊದಲು.