ಟೋಗೋ ಕರಾವಳಿಯ ದತ್ತಾತ್ರೇಯ

ಮೂರು ತಲೆ, ಆರು ಕೈ, ಹಿಂದೆ ನಿಂತ ಆಕಳು, ಕಾಲ ಬಳಿ ನಾಲ್ಕು ನಾಯಿ. ಅಕ್ಕಲಕೋಟೆಯ ವಟವೃಕ್ಷ ಮಂದಿರದ ಸುತ್ತಲಿನ ಅಂಗಡಿಗಳಲ್ಲಿ ತೆಂಗು, ಊದಿನಕಡ್ಡಿಗಳ ಜೊತೆ ಮಾರಾಟವಾಗುವ ಈ ದತ್ತಾತ್ರೇಯನ ಪಟ ಪಶ್ಚಿಮ ಆಫ್ರಿಕಾದ ಟೋಗೋ ಮತ್ತು ಬೆನಿನ್ ದೇಶಗಳ ಕರಾವಳಿಯಲ್ಲೂ ಪೂಜೆಗೊಳ್ಳುತ್ತದೆ. ಅಲ್ಲಿ ಅದನ್ನು ಪೂಜಿಸುವವರು ವೊಡುನ್ ಪಂಥದವರು. ಅವರ ಪಾಲಿಗೆ ಈ ಮೂರು ತಲೆಯವನು ದೆನ್ಸು. ಮಾಮಿ ವಾಟಾ ಎಂಬ ನೀರಿನ ದೇವತೆಯ ಪರಿವಾರಕ್ಕೆ ಸೇರಿದ, ಸಿರಿ ಕೊಡುವ ದೈವ. 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರನ್ನು ದತ್ತನ ಅವತಾರವೆಂದು ನಂಬಿ, ಗಾಣಗಾಪುರಕ್ಕೂ ಅಕ್ಕಲಕೋಟೆಗೂ ಒಂದೇ ಶ್ರದ್ಧೆಯಿಂದ ನಡೆದುಕೊಳ್ಳುವ ನಮ್ಮ ಸೊಲ್ಲಾಪುರ ಸೀಮೆಯ ಜನಕ್ಕೆ ಈ ದೂರದ ನಂಟಿನ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಪಟ ಅಲ್ಲಿಗೆ ತಲುಪಿದ್ದು ವ್ಯಾಪಾರದ ಹಾದಿಯಲ್ಲಿ. ವಸಾಹತು ಕಾಲದಲ್ಲಿ ಪಶ್ಚಿಮ ಆಫ್ರಿಕಾದ ಬಂದರುಗಳಲ್ಲಿ ನೆಲೆಯೂರಿದ ಭಾರತೀಯ ವರ್ತಕರ ಅಂಗಡಿಗಳಲ್ಲಿ ಲಕ್ಷ್ಮಿ, ಹನುಮಂತ, ದತ್ತರ ಬಣ್ಣದ ಪಟಗಳು ತೂಗುತ್ತಿದ್ದವು. ಅದಕ್ಕೂ ಮೊದಲೇ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1880ರ ದಶಕದಲ್ಲಿ ಅಚ್ಚಾದ, ಹಾವು ಹಿಡಿದ ಹೆಂಗಸಿನ ಚಿತ್ರವೊಂದು ಆ ಕರಾವಳಿಗೆ ಬಂದು ಮಾಮಿ ವಾಟಾಳ ರೂಪವಾಗಿ ನೆಲೆನಿಂತಿತ್ತು. ಈಗಿನ ಘಾನಾದ ಕುಮಾಸಿಯ ವರ್ತಕರು ಆ ಚಿತ್ರವನ್ನು ಕಳಿಸಿ, 1955ರಲ್ಲಿ ಮುಂಬಯಿಯ ಶ್ರೀರಾಮ್ ಕ್ಯಾಲೆಂಡರ್ ಕಂಪನಿಯಲ್ಲಿ 12,000 ಪ್ರತಿ ಅಚ್ಚು ಹಾಕಿಸಿದರು. ಇವೆಲ್ಲವನ್ನೂ ಬೆನ್ನುಹತ್ತಿ ಬರೆದವರು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್.

ಪರದೇಶದ ಪಟಗಳ ಈ ಪೂಜೆಯನ್ನು ‘ಅರಿಯದ ಜನರ ಗೊಂದಲ’ ಎಂದು ಕರೆದವರುಂಟು. ನನ್ನ ಮಟ್ಟಿಗೆ ವೊಡುನ್ ಪರಂಪರೆಯ ನಿಜವಾದ ಪ್ರತಿಭೆ ಇಲ್ಲೇ ಇದೆ. ಅದಕ್ಕೆ ಒಂದು ಗ್ರಂಥವಿಲ್ಲ, ಒಬ್ಬ ಪ್ರವಾದಿಯಿಲ್ಲ, ಯಾವುದು ಒಳಗಿನದು ಯಾವುದು ಹೊರಗಿನದು ಎಂದು ತೀರ್ಪು ಕೊಡುವ ಪೀಠವಿಲ್ಲ. ಪರದೇಶದ ಚಿತ್ರವೊಂದು ಕೈಗೆ ಸಿಕ್ಕರೆ ಈ ಪರಂಪರೆ ಅದರ ಪುರಾಣ ಕೇಳುವುದಿಲ್ಲ. ಚಿತ್ರದಲ್ಲಿ ಶಕ್ತಿ ಇದೆಯೇ, ಅದು ಕೆಲಸ ಮಾಡುತ್ತದೆಯೇ ಎಂದು ನೋಡುತ್ತದೆ. ಮಾಡುತ್ತದೆಂದು ಕಂಡರೆ ತನ್ನ ದೈವಗಳ ನಡುವೆ ಕೂರಿಸಿಕೊಂಡು ಅದಕ್ಕೆ ಅನ್ನ, ಹಾಡು, ಕುಣಿತ ಕೊಡುತ್ತದೆ. ಫೋನ್ ಮತ್ತು ಎವೆ ಜನರ ಈ ಲೋಕದಲ್ಲಿ ಕವಲುದಾರಿಯ ಲೆಗ್ಬಾ ಇದ್ದಾನೆ, ಕಬ್ಬಿಣದ ಗು ಇದ್ದಾನೆ, ಸಿಡಿಲಿನ ಹೆವಿಯೊಸೊ ಇದ್ದಾನೆ. ಸಿಡುಬನ್ನು ಕೊಡುವವನೂ ಕಳೆಯುವವನೂ ಆದ ಮಣ್ಣಿನ ದೈವ ಸಕ್‌ಪಾಟಾ ಇದ್ದಾನೆ. ಸೊಲ್ಲಾಪುರದ ಓಣಿಗಳಲ್ಲಿ ಬೇನೆಯ ದೇವಿ ಮರಿಆಯಿಯ ಪೆಟ್ಟಿಗೆಯೊಡನೆ, ಚಾಟಿ ಬೀಸಿಕೊಳ್ಳುತ್ತ ಬರುವ ಪೋತರಾಜನನ್ನು ಕಂಡವರಿಗೆ ಸಕ್‌ಪಾಟಾನ ವಿಷಯವನ್ನು ಬಿಡಿಸಿ ಹೇಳಬೇಕಿಲ್ಲ.

ಈ ಹೊಂದಿಕೊಳ್ಳುವ ಗುಣಕ್ಕೆ ಅತಿ ಕಠಿಣ ಪರೀಕ್ಷೆ ಎದುರಾದದ್ದು ಅಟ್ಲಾಂಟಿಕ್‌ನ ಆಚೆ. ಗುಲಾಮರೆಲ್ಲರಿಗೂ ಕ್ರೈಸ್ತ ದೀಕ್ಷೆ ಕೊಡಿಸಬೇಕೆಂದು 1685ರ ಫ್ರೆಂಚ್ ಕಾಯಿದೆ ವಿಧಿಸಿತು. ಆಗ ಫ್ರೆಂಚರ ವಸಾಹತಾಗಿದ್ದ ಹೈತಿಗೆ ಸಾಗಿಸಲ್ಪಟ್ಟ ಜನ ಸಂತರ ಪಟಗಳನ್ನು ತೆಗೆದುಕೊಂಡರು; ಹಾವುಗಳ ಜೊತೆ ನಿಂತ ಸಂತ ಪ್ಯಾಟ್ರಿಕ್‌ನಲ್ಲಿ ತಮ್ಮ ಸರ್ಪದೈವ ದಾಂಬಾಲಾನನ್ನು ಕಂಡರು. 1791ರ ಆಗಸ್ಟ್‌ನಲ್ಲಿ ಬ್ವಾ ಕಾಯ್‌ಮಾನ್ ಎಂಬಲ್ಲಿ ನಡೆದ ರಾತ್ರಿಪೂಜೆಯಿಂದಲೇ ತಮ್ಮ ದಂಗೆ ಹೊತ್ತಿಕೊಂಡಿತೆಂದು ಹೈತಿಯ ಜನ ನೆನೆಯುತ್ತಾರೆ. 1804ರಲ್ಲಿ ಆ ದಂಗೆ ಸ್ವತಂತ್ರ ದೇಶವಾಯಿತು. ಗುಲಾಮರು ತಮ್ಮ ಕೈಯಿಂದಲೇ ಕಟ್ಟಿದ ಆ ದೇಶವನ್ನು ಜಗತ್ತು ಕ್ಷಮಿಸಲಿಲ್ಲ. 1915ರಿಂದ 1934ರವರೆಗೆ ಅಮೆರಿಕದ ಸೇನೆ ಹೈತಿಯನ್ನು ಹಿಡಿದಿಟ್ಟುಕೊಂಡಿತು. ಅದೇ ವರ್ಷಗಳಲ್ಲಿ ಅಮೆರಿಕದ ಲೇಖಕ ಸೀಬ್ರೂಕ್‌ನ 1929ರ ಪುಸ್ತಕ, 1932ರ ‘ವೈಟ್ ಝಾಂಬಿ’ ಸಿನಿಮಾ ಆ ಜನರ ದೇವರನ್ನು ಮಾಟದ ಬೊಂಬೆ, ನಡೆದಾಡುವ ಹೆಣಗಳ ಮಟ್ಟಕ್ಕೆ ಇಳಿಸಿದವು. ಕನ್ನಡದ ಓದುಗನಿಗೆ ಈ ಪಂಥದ ಬಗ್ಗೆ ಗೊತ್ತಿರುವುದರ ಬಹುಪಾಲು ಆ ಸಿನಿಮಾದ ಸಂತಾನದಿಂದಲೇ ಬಂದದ್ದು. ಹೈತಿ ಸರ್ಕಾರ ವೊಡುನ್‌ನ ತನ್ನ ರೂಪವನ್ನು ಧರ್ಮವೆಂದು ಮಾನ್ಯ ಮಾಡಿದ್ದು 2003ರಲ್ಲಿ.

ಹಾಗೆಂದು ಈ ಪರಂಪರೆಯನ್ನು ಹೊಗಳಿ ಮುಗಿಸಲಾರೆ. ಅದರ ತವರಿನಲ್ಲಿ ದಾಹೋಮಿಯ ಅರಸರು ವೊಡುನ್ ಗುಡಿಗಳನ್ನು ತಮ್ಮ ಆಳ್ವಿಕೆಯ ಅಂಗ ಮಾಡಿಕೊಂಡಿದ್ದರು. 1727ರಲ್ಲಿ ವೀಡಾ ಬಂದರನ್ನು ಗೆದ್ದ ಮೇಲೆ ಯುದ್ಧದಲ್ಲಿ ಸೆರೆಸಿಕ್ಕವರನ್ನು ಯುರೋಪಿನ ಹಡಗುಗಳಿಗೆ ಮಾರಿದವರೂ ಅವರೇ. ಅರಮನೆಯಲ್ಲಿ ಅರಸನ ಪಿತೃಗಳಿಗೆ ಪೂಜೆ ನಡೆಯುತ್ತಿದ್ದಾಗ ಇತ್ತ ಬೇರೆಯವರ ಮಕ್ಕಳು ಹಡಗು ಹತ್ತುತ್ತಿದ್ದರು. ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುವ ಪಂಥ ಅಧಿಕಾರವನ್ನೂ ಬಿಟ್ಟುಕೊಳ್ಳುತ್ತದೆ. ಅರಸನನ್ನು ತಡೆದು ನಿಲ್ಲಿಸುವಷ್ಟು ಬಲದ ಮಾತು ಅದರ ಒಳಗಿನಿಂದ ಹುಟ್ಟಲಿಲ್ಲ. 1990ರ ದಶಕದಿಂದ ಬೆನಿನ್‌ನಲ್ಲಿ ಪ್ರತಿ ಜನವರಿಯಲ್ಲಿ ವೊಡುನ್ ಹಬ್ಬಕ್ಕೆ ರಾಷ್ಟ್ರೀಯ ರಜೆ. ಈಗ ಅದು ಪ್ರವಾಸಿಗರನ್ನು ಸೆಳೆಯುವ ದೊಡ್ಡ ಉತ್ಸವವೂ ಆಗಿದೆ. ಮಾನ್ಯತೆ ಬೇಕಿತ್ತು, ನಿಜ. ಆದರೆ ಸರ್ಕಾರದ ಆಶ್ರಯ ಅಧಿಕಾರದ ಜೊತೆಗಿನ ನಂಟಿನ ಆ ಹಳೆಯ ಪ್ರಶ್ನೆಯನ್ನು ಇನ್ನೂ ಹಿಂದಕ್ಕೆ ತಳ್ಳುತ್ತದೆ.

ವೊಡುನ್ ಅನ್ನು ಅಳೆಯಲು ಸೊಲ್ಲಾಪುರದವರಿಗೆ ಇರುವ ಅಳತೆಗೋಲು ಬೇರೆ ಊರುಗಳಿಗಿಲ್ಲ. ಇದು ಶರಣ ಸಿದ್ಧರಾಮನ ಊರು. ಮರ, ಮಡಕೆಗಳಲ್ಲಿ ದೈವ ಕಾಣುವುದನ್ನು, ಭಯಕ್ಕೆ ಕೈಮುಗಿಯುವುದನ್ನು ಶರಣರು ಬಿಡುವಿಲ್ಲದೆ ಖಂಡಿಸಿದರು. ದಾಹೋಮಿಯಲ್ಲಿ ಇಲ್ಲದೆ ಹೋದದ್ದು ಆ ಖಂಡನೆಯೇ ಎಂದು ನನಗನ್ನಿಸುತ್ತದೆ. ಇತ್ತ ಅದೇ ಸಿದ್ಧರಾಮನ ಹೆಸರಿನಲ್ಲಿ ಪ್ರತಿ ಸಂಕ್ರಾಂತಿಗೆ ಏಳು ನಂದಿಧ್ವಜಗಳು ಮೆರವಣಿಗೆ ಹೊರಡುತ್ತವೆ. ಅವನನ್ನು ವರಿಸಬಯಸಿದ ಕುಂಬಾರ ಕನ್ಯೆಗೆ ಯೋಗದಂಡದ ಜೊತೆ ನಡೆದ ಮದುವೆ ಮರಳಿ ನಡೆಯುತ್ತದೆ. ಆ ಕೋಲನ್ನು ಬರಿಯ ಕಟ್ಟಿಗೆ ಎಂದು ಈ ಊರಿನ ಯಾರೂ ಹೇಳಲಾರರು. ವಿಚಾರದ ಕಡೆಯಿಂದ ಶರಣರನ್ನೂ ಆಚಾರದ ಕಡೆಯಿಂದ ಜಾತ್ರೆಯನ್ನೂ ಒಟ್ಟಿಗೆ ಬಾಳಿಸುವ ಜನ ಆಫ್ರಿಕಾದ ದೈವಗಳ ಮುಂದೆ ಮೂಗು ಮುರಿಯುವ ಹಾಗಿಲ್ಲ. ಬೆರಗಿನಲ್ಲಿ ಕಣ್ಣು ಮುಚ್ಚುವ ಹಾಗೂ ಇಲ್ಲ.

ಮೈಮೇಲೆ ಬರುವುದರ ವಿಷಯ ತೆಗೆದುಕೊಳ್ಳಿ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಆರತಿಯ ಹೊತ್ತಿಗೆ ಕೂಗುವ, ಹೊರಳಾಡುವ ಜನರನ್ನು ಈ ಸೀಮೆಯ ಬಹುತೇಕ ಕುಟುಂಬಗಳು ಕಂಡಿವೆ. ಅಲ್ಲಿ ಬರುವುದು ಪೀಡೆ. ಅದನ್ನು ಓಡಿಸುವವನು ದತ್ತ. ಹೈತಿಯಲ್ಲಿ ಮೈಮೇಲೆ ಬರುವುದು ದೈವವೇ. ಬಂದ ದೈವವನ್ನು ಜನ ಮಾತಾಡಿಸುತ್ತಾರೆ, ಉಣಿಸುತ್ತಾರೆ, ಜಗಳವನ್ನೂ ತೆಗೆಯುತ್ತಾರೆ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಎಲ್ಲಮ್ಮನ ಜೋಗತಿಯ ಮೈದುಂಬುವಿಕೆ. ಎಲ್ಲ ಬಗೆಯ ಮೈದುಂಬುವಿಕೆಯನ್ನೂ ರೋಗವೆಂದು ಒಂದೇ ಮೂಟೆ ಕಟ್ಟುವುದು ತಪ್ಪು. ನಿಜವಾಗಿ ಮನೋರೋಗ ಇರುವವರನ್ನು ವೈದ್ಯರಿಂದ ದೂರ ಇಟ್ಟು ಗುಡಿಯಲ್ಲೇ ಬಿಡುವುದು ಅದಕ್ಕಿಂತ ದೊಡ್ಡ ತಪ್ಪು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ನೆಲದ ಆಫ್ರಿಕನ್ನರತ್ತ ತಿರುಗದೆ ಗತಿಯಿಲ್ಲ. ಸೊಲ್ಲಾಪುರದ ಭುಯಿಕೋಟೆಗಾಗಿ ಅಹಮದನಗರ, ವಿಜಾಪುರಗಳ ಸುಲ್ತಾನರು ಮತ್ತೆ ಮತ್ತೆ ಹೊಡೆದಾಡಿದರು. 1624ರಲ್ಲಿ ಭಾತವಡಿಯಲ್ಲಿ ಗೆದ್ದ ಅಹಮದನಗರದ ಸೇನಾನಿ ಮಲಿಕ್ ಅಂಬರ್ ಮರುವರ್ಷ ಈ ಕೋಟೆಯನ್ನು ಕಿತ್ತುಕೊಂಡ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈ ಬದಲಾಗುತ್ತ ದಖ್ಖನಿಗೆ ಬಂದವನು ಅವನು. ವಿಜಾಪುರದಲ್ಲಿ ದಿಲಾವರ್ ಖಾನ್, ಇಖ್ಲಾಸ್ ಖಾನ್‌ರಂಥ ಹಬ್ಶಿಗಳು ರಾಜ್ಯದ ಚುಕ್ಕಾಣಿ ಹಿಡಿದಿದ್ದರು. ಇವರ ನಾಡು ಪೂರ್ವ ಆಫ್ರಿಕಾ, ಇವರ ಧರ್ಮ ಇಸ್ಲಾಂ. ವೊಡುನ್‌ಗೂ ಇವರಿಗೂ ಸಂಬಂಧವಿಲ್ಲ. ಇವರ ನೆನಪನ್ನು ಇತಿಹಾಸ ಕೋಟೆ, ಗೋರಿ, ಯುದ್ಧಗಳಲ್ಲಿ ಕಾಪಾಡಿದೆ. ಇವರ ತಾಯಂದಿರು ಯಾವ ದೇವರನ್ನು ಕರೆಯುತ್ತಿದ್ದರು ಎಂಬುದನ್ನು ಆಸ್ಥಾನದ ಚರಿತ್ರಕಾರರು ಬರೆಯಲಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡುಗಳಲ್ಲಿರುವ ಸಿದ್ದಿಗಳ ಕತೆ ಬೇರೆ. ಪೋರ್ಚುಗೀಸರು ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟ ಸೇರಿದವರ ಸಂತತಿ ಇವರಲ್ಲಿ ದೊಡ್ಡದು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳೂ ಇವರ ಮೂಲವನ್ನು ಬಂಟು ನುಡಿಗಳನ್ನಾಡುವ ಆಫ್ರಿಕನ್ನರತ್ತ ತೋರಿಸುತ್ತವೆ. ಹಿಂದೂ, ಕ್ರೈಸ್ತ, ಮುಸ್ಲಿಂ ಹೀಗೆ ಮೂರಾಗಿ ಹಂಚಿಹೋದರೂ ಹಿರಿಯರ ಪೂಜೆ ಇವರನ್ನು ಒಂದು ಕುಲವಾಗಿ ಉಳಿಸಿದೆ. ಸತ್ತ ಹಿರಿಯರನ್ನು ಕರೆದು, ಉಣಿಸಿ, ಅವರ ಒಪ್ಪಿಗೆ ಪಡೆದೇ ಶುಭಕಾರ್ಯಕ್ಕೆ ಕೈಹಾಕುವ ಈ ಆಚಾರದಲ್ಲಿ ಆಫ್ರಿಕಾದ ಪಾಲು ಎಷ್ಟು, ಘಟ್ಟದ ಪಾಲು ಎಷ್ಟು ಎಂದು ಬೇರ್ಪಡಿಸಲು ಹೊರಡುವುದು ವ್ಯರ್ಥ. ದೆನ್ಸುವಿನ ಪಟದಲ್ಲಿ ಎಷ್ಟು ದತ್ತ, ಎಷ್ಟು ನೀರಿನ ದೈವ ಎಂದು ಬೇರ್ಪಡಿಸಲಾಗುತ್ತದೆಯೇ?

ಹೈತಿಯಲ್ಲಿ ದೈವಗಳ ಹೆಸರುಗಳೇ ಉಳಿದವು, ಇಲ್ಲಿ ಏಕೆ ಉಳಿಯಲಿಲ್ಲ? ಉತ್ತರದ ದೊಡ್ಡ ಪಾಲು ಸಂಖ್ಯೆಯಲ್ಲಿದೆ. ದಂಗೆಯ ಹೊತ್ತಿಗೆ ಹೈತಿಯಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಹೆಚ್ಚಿನವರು ಆಫ್ರಿಕಾದಲ್ಲೇ ಹುಟ್ಟಿದವರು. ನಮ್ಮ ಕಡೆ ಶತಮಾನಗಳುದ್ದಕ್ಕೂ ಸಣ್ಣ ಗುಂಪುಗಳಾಗಿ ಬಂದವರು ಬೇರೆ ಬೇರೆ ಒಡೆಯರ ಮನೆಗಳಿಗೆ ಹಂಚಿಹೋದರು. ಗುಜರಾತಿನ ಸೀದಿಗಳು ಮಾತ್ರ ರತನಪುರದ ಬಾವಾ ಗೋರ್ ದರ್ಗಾದ ಸುತ್ತ ಮೈದುಂಬುವ ಕುಣಿತವನ್ನೂ ಹಳೆಯ ಡೋಲುಗಳನ್ನೂ ಒಂದು ಕಡೆ ಕಾಪಾಡಿಕೊಂಡರು. ಅಟ್ಲಾಂಟಿಕ್‌ನ ಆಚೆ ಕ್ರೈಸ್ತ ಸಂತರು ಮಾಡಿದ ಕೆಲಸವನ್ನು ಇಲ್ಲಿ ಸೂಫಿ ಸಂತರು ಮಾಡಿದರು.

ನಮ್ಮ ತಪ್ಪು ಇರುವುದು ಸಿದ್ದಿಗಳ ಪರಂಪರೆಯನ್ನು ಡಮಾಮಿ ಕುಣಿತಕ್ಕೆ ಇಳಿಸಿದ್ದರಲ್ಲಿ. ಉತ್ಸವದ ಆಯೋಜಕರು ಸೊಪ್ಪಿನ ಉಡುಗೆ ತೊಡಿಸಿ, ಹತ್ತು ನಿಮಿಷದ ಅವಕಾಶ ಕೊಟ್ಟು, ‘ಆಫ್ರಿಕಾದ ಲಯ’ ಎಂದು ಕೂಗಿ ಹೇಳುತ್ತಾರೆ. ಆ ಉಡುಗೆ ಪ್ರೇಕ್ಷಕರ ಆಸೆಗೆ ಹೊಲಿದದ್ದು. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಯಲ್ಲಿ, ಅದರ ಮೂಲೆಗಳಿಗೆ ಕೂರಿಸುವ ಪುಟ್ಟ ಹೂಗಳಲ್ಲಿ ಇರುವ ಕಲೆಯನ್ನು ಲೋಕಕ್ಕೆ ತೋರಿಸಲು ದೆನ್ಸುವಿನ ಪಟದ ಬೆನ್ನುಹತ್ತಿದ್ದ ಅದೇ ಡ್ರೂವಲ್ ಬರಬೇಕಾಯಿತು. ಮೂರು ಧರ್ಮಗಳ ಸಿದ್ದಿಗಳ ಬಾಳನ್ನು ವಿವರವಾಗಿ ಬರೆದವರಲ್ಲಿ ಘಾನಾದ ವಿದ್ವಾಂಸ ಪಾಶಿಂಗ್ಟನ್ ಒಬೆಂಗ್ ಮುಖ್ಯರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ, 2020ರಲ್ಲಿ ಬೆಳಗಾವಿ, ಧಾರವಾಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದಕ್ಕಿತು. 2020ರಲ್ಲೇ ಶಾಂತಾರಾಮ ಸಿದ್ದಿ ಕರ್ನಾಟಕ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಕಾಗದದ ಮೇಲಿನ ಹಕ್ಕು ಬಂತು. ಹಿರಿಯರ ಪೂಜೆಯ ಮಾತು, ಹಾಡು, ಕ್ರಮಗಳನ್ನು ಕನ್ನಡದಲ್ಲಿ ದಾಖಲಿಸುವ ಕೆಲಸ ಇನ್ನು ಹೊರಗಿನ ಪಂಡಿತರ ಕೈಯಲ್ಲಿರಬಾರದು. ಓದು ಬರಹ ಕಲಿತ ಸಿದ್ದಿ ಹುಡುಗ ಹುಡುಗಿಯರಿದ್ದಾರೆ, ಅವರಿಗೆ ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಸಂಬಳ ಕೊಟ್ಟು ಆ ಕೆಲಸ ಒಪ್ಪಿಸಲಿ. ಯಾವುದನ್ನು ಬರೆಯಬೇಕು, ಯಾವುದನ್ನು ಮನೆಯೊಳಗೇ ಉಳಿಸಬೇಕು ಎಂಬ ತೀರ್ಮಾನವೂ ಅವರದೇ ಆಗಿರಲಿ.