ಎಂಜಲು, ಜಾತಕ, ಶಜರಾ

ಒಂದು ಪ್ಲಾಸ್ಟಿಕ್ ನಳಿಕೆ ಮನೆಗೆ ಬರುತ್ತದೆ. ಅದರಲ್ಲಿ ಎಂಜಲು ತುಂಬಿಸಿ, ಮುಚ್ಚಳ ಹಾಕಿ ವಾಪಸ್ ಕಳಿಸಿದರೆ ಕೆಲವು ವಾರಗಳಲ್ಲಿ ಮೊಬೈಲಿಗೆ ವರದಿ: ಯಾವ ಕಾಯಿಲೆ ಬರಬಹುದು, ಯಾವ ಊಟ ಒಗ್ಗುತ್ತದೆ, ಪೂರ್ವಜರು ಎಲ್ಲಿಯವರು. ದೇಹವನ್ನು ನೀವೇ ಓದಿ, ನೀವೇ ತಿದ್ದಿ ಅನ್ನುವ 'ಬಯೋಹ್ಯಾಕಿಂಗ್' ಚಳವಳಿಯ ಮೊದಲ ಮೆಟ್ಟಿಲು ಇದಂತೆ. ಮೇಲಿನ ಮೆಟ್ಟಿಲುಗಳಲ್ಲಿ ಬೇರೆ ಥರದ ಜನ ಇದ್ದಾರೆ. ಇಂಗ್ಲೆಂಡಿನ ಪ್ರೊಫೆಸರ್ ಕೆವಿನ್ ವಾರ್ವಿಕ್ 1998ರಲ್ಲಿ ತೋಳಿನೊಳಗೆ ಚಿಪ್ ಹಾಕಿಸಿಕೊಂಡರು. ಅಮೆರಿಕದ ಜೋಸಯ್ಯ ಝೇನರ್ 2017ರಲ್ಲಿ ಜೀನ್ ತಿದ್ದುವ ಮದ್ದನ್ನು ಜನರೆದುರೇ ಚುಚ್ಚಿಕೊಂಡರು. ಅವರ ಗೊಡವೆ ಬಿಡಿ. ನಮ್ಮ ಸಾನಪಾಡಾದ ಫ್ಲ್ಯಾಟುಗಳ ತನಕ ಬರುವುದು ಈ ನಳಿಕೆಯೇ.

ಹೈದರಾಬಾದಿನ ಮ್ಯಾಪ್‌ಮೈಜಿನೋಮ್ ಕಂಪನಿ ತನ್ನ ಪರೀಕ್ಷೆಗೆ 'ಜಿನೋಮ್‌ಪತ್ರಿ' ಎಂದು ಹೆಸರಿಟ್ಟಿದೆ. ಜನ್ಮಪತ್ರಿ ಗೊತ್ತಿರುವವರಿಗೆ ವಿವರಣೆ ಬೇಡ. ಜಾಣ ಹೆಸರು ನೋಡಿ! ಆದರೆ ಭಾಷೆ ಕಲಿಸುವ ನನಗೆ ಆ ಹೆಸರಿನ ಮೇಲೇ ತಕರಾರು. ಜಾತಕ ಹೇಳುವುದು ಹಣೆಬರಹ, ಜೀನ್ ಹೇಳುವುದು ಸಾಧ್ಯತೆ ಮಾತ್ರ. ಸಕ್ಕರೆ ಕಾಯಿಲೆಗೆ ಎಷ್ಟೋ ಜೀನ್‌ಗಳು ಒಟ್ಟಿಗೆ ಸೇರಬೇಕು, ಮೇಲೆ ಊಟ, ನಿದ್ದೆ, ಕೆಲಸ. ಹೆಸರಿನಲ್ಲೇ ವಿಧಿಯನ್ನು ತಂದಿಟ್ಟ ಮೇಲೆ ಒಳಗಿನ ಎಚ್ಚರಿಕೆಯ ಸಾಲುಗಳನ್ನು ಯಾರು ಓದುತ್ತಾರೆ?

'ಇಲ್ಲ' ಅಂತ ಬಂದ ವರದಿಯೂ ಮೋಸ ಮಾಡಬಲ್ಲದು. 2018ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಡಿಎ 23ಅಂಡ್‌ಮಿ ಕಂಪನಿಯ ಸ್ತನ ಕ್ಯಾನ್ಸರ್ ಜೀನ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅದು ನೋಡುತ್ತಿದ್ದದ್ದು ಮೂರೇ ಮೂರು ಬದಲಾವಣೆ, ಅವೂ ಹೆಚ್ಚಾಗಿ ಅಶ್ಕೆನಾಜಿ ಯಹೂದಿಗಳಲ್ಲಿ ಕಾಣುವಂಥವು. ಬಿಆರ್‌ಸಿಎ ಜೀನ್‌ಗಳಲ್ಲಿ ಗೊತ್ತಿರುವ ಬದಲಾವಣೆಗಳು ಸಾವಿರಕ್ಕೂ ಹೆಚ್ಚು. ಹುಬ್ಬಳ್ಳಿಯ ಅಥವಾ ಕಲ್ಯಾಣದ ಒಬ್ಬ ಹೆಣ್ಣುಮಗಳಿಗೆ ಅಂಥ ಪರೀಕ್ಷೆಯ 'ಇಲ್ಲ'ದಿಂದ ಸಿಗುವ ಧೈರ್ಯ ಎಷ್ಟು, ನೀವೇ ಲೆಕ್ಕ ಹಾಕಿ.

ಇನ್ನು 'ನೀವೇ ಮಾಡಿ' ಅನ್ನುವ ಮಾತು. ಇಲ್ಲಿ ನೀವು ಮಾಡುವುದು ಉಗುಳುವುದಷ್ಟೇ. ಓದುವವರು ಬೇರೆ, ಇಟ್ಟುಕೊಳ್ಳುವವರು ಬೇರೆ. ನಿಜವಾಗಿ ತಾವೇ ಮಾಡಿದವರು ಬೆಂಗಳೂರಿನಲ್ಲಿದ್ದರು. 2009ರಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಯಶಸ್ ಶೆಟ್ಟಿಯವರ ಜೊತೆ ಸೇರಿ ಐಜೆಮ್ ಅನ್ನುವ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋದರು. ಮೊದಲ ಮಳೆಗೆ ಮಣ್ಣು ಘಮ್ಮೆನ್ನುತ್ತದಲ್ಲ, ಆ ವಾಸನೆಯ ವಸ್ತು ಜಿಯೋಸ್ಮಿನ್. ಅದನ್ನು ಬ್ಯಾಕ್ಟೀರಿಯಾದಿಂದ ಮಾಡಿಸುವುದು ಅವರ ಯೋಜನೆ. ಸೈನ್ಸ್ ಓದದ ಮಕ್ಕಳು! ಅದೇ ವರ್ಷ ಶೆಟ್ಟಿಯವರು ಗೆಳೆಯರೊಂದಿಗೆ ಕಟ್ಟಿದ 'ಹ್ಯಾಕ್ಟೀರಿಯಾ' ಬಳಗ ಅಗ್ಗದ ವೆಬ್‌ಕ್ಯಾಮಿನ ಲೆನ್ಸ್ ಬಿಚ್ಚಿ, ತಿರುಗಿಸಿ ಹಾಕಿ ಮೈಕ್ರೋಸ್ಕೋಪ್ ಮಾಡುವುದನ್ನು ಕಲಿಸಿತು. ಇದನ್ನು ಯಾವ ಸರ್ಕಾರಿ ಶಾಲೆಯಲ್ಲೂ ಮಾಡಬಹುದು. ಕೊಳದ ನೀರಿನ ಒಂದು ಹನಿ ಇಟ್ಟರೆ ಸಾಕು, ಮಕ್ಕಳು ಬೆಲ್ ಹೊಡೆದರೂ ಏಳುವುದಿಲ್ಲ.

ಈಗ ವಂಶದ ವಿಷಯಕ್ಕೆ ಬರೋಣ. ಉರ್ದುವಿನಲ್ಲಿ ವಂಶಾವಳಿಗೆ 'ಶಜರಾ' ಅನ್ನುತ್ತೇವೆ. ಅರಬಿಯ 'ಶಜರ್' ಅಂದರೆ ಮರ. ಕನ್ನಡದ ವಂಶವೃಕ್ಷವೂ ಮರವೇ. ಭೈರಪ್ಪನವರ ನಿಲುವುಗಳನ್ನು ಒಪ್ಪದವರೂ ಅವರ 'ವಂಶವೃಕ್ಷ' (1965) ಓದಬೇಕು ಅಂತ ನನ್ನ ಅಭಿಪ್ರಾಯ. ವಂಶದ ಶುದ್ಧಿಯನ್ನೇ ಧರ್ಮವೆಂದು ಬದುಕಿದ ಶ್ರೀನಿವಾಸ ಶ್ರೋತ್ರಿಯವರಿಗೆ, ತಾನು ಆ ರಕ್ತದವನೇ ಅಲ್ಲ ಅಂತ ಮುಪ್ಪಿನಲ್ಲಿ ಗೊತ್ತಾಗುತ್ತದೆ. ಅವರು ಆಸ್ತಿ ಬಿಟ್ಟು ಹೊರಡುತ್ತಾರೆ. ಆ ಸುದ್ದಿ ತಾಳಿಕೊಳ್ಳುವ ಮನಸ್ಸನ್ನು ಕಾದಂಬರಿ ನೂರಾರು ಪುಟ ಕಟ್ಟಿರುತ್ತದೆ. ಅದೇ ಸುದ್ದಿಯನ್ನು ಇಪ್ಪತ್ತರ ಹುಡುಗಿಗೆ ಒಂದು ಆ್ಯಪ್ ಲಂಚ್ ಬ್ರೇಕಿನಲ್ಲಿ ಕೊಡುತ್ತದೆ. ನಮ್ಮಲ್ಲೂ ಸೈಯದ್, ಶೇಖ್ ಅಂತ ನಸಬ್ ಹಿಡಿದು ಸಂಬಂಧ ನೋಡುವವರಿಗೆ ಕೊರತೆಯಿಲ್ಲ. ಅವರ ಕೈಗೆ 'ಅರಬ್ ಶೇಕಡಾ ಇಷ್ಟು' ಅನ್ನುವ ಕಾಗದ ಸಿಕ್ಕರೆ ಏನಾದೀತು? ಆ ಶೇಕಡಾವಾರು ಕಂಪನಿಯ ಬಳಿ ಇರುವ ಮಾದರಿಗಳ ಜೊತೆಗಿನ ಹೋಲಿಕೆ ಅಷ್ಟೇ. ಮಾದರಿ ಹೆಚ್ಚಿದರೆ ಅಂಕಿಯೂ ಬದಲಾಗುತ್ತದೆ.

ನಿಮ್ಮ ಎಂಜಲು ನಿಮ್ಮೊಬ್ಬರದ್ದೂ ಅಲ್ಲ. 2023ರಲ್ಲಿ 23ಅಂಡ್‌ಮಿಯ ಸುಮಾರು 14,000 ಖಾತೆಗಳಿಗೆ ಕಳ್ಳರು ನುಗ್ಗಿದರು. ಸಂಬಂಧಿಕರನ್ನು ಹುಡುಕುವ ಸೌಲಭ್ಯದ ಮೂಲಕ ಅವರಿಗೆ ಸಿಕ್ಕಿದ್ದು ಸುಮಾರು 69 ಲಕ್ಷ ಜನರ ಮಾಹಿತಿ. ಮಾರಾಟಕ್ಕೆ ಇಟ್ಟದ್ದು ಹೇಗೆ ಗೊತ್ತಾ? ಯಹೂದಿ ಮೂಲದವರ ಪಟ್ಟಿ, ಚೀನೀ ಮೂಲದವರ ಪಟ್ಟಿ, ಹೀಗೆ ಬೇರೆಬೇರೆ. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ನಮ್ಮಲ್ಲಿ 2019ರಲ್ಲಿ ಲೋಕಸಭೆಗೆ ಬಂದ ಡಿಎನ್‌ಎ ಮಸೂದೆಯನ್ನು ನೋಡಿದ ಸಂಸದೀಯ ಸಮಿತಿಯೂ, ಜಾತಿ-ಸಮುದಾಯದ ಆಧಾರದಲ್ಲಿ ಅದರ ದುರ್ಬಳಕೆ ಆದೀತೆಂಬ ಆತಂಕವನ್ನು 2021ರ ವರದಿಯಲ್ಲಿ ದಾಖಲಿಸಿತು. 2023ರಲ್ಲಿ ಮಸೂದೆ ವಾಪಸಾಯಿತು. ಪಟ್ಟಿಯಲ್ಲಿ ಹೆಸರು ಬರುವುದು ಅಂದರೇನು ಅಂತ ಈ ಲೇಖನ ಓದುವ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಜೀನ್ ಪರೀಕ್ಷೆಯೇ ಬೇಡ ಅನ್ನುತ್ತಿಲ್ಲ. ಮದುವೆಗೆ ಮುಂಚೆ ಥಲಸ್ಸೇಮಿಯಾ ರಕ್ತಪರೀಕ್ಷೆ ಮಾಡಿಸಿ. ಗಂಡು-ಹೆಣ್ಣು ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮನೆತನದಲ್ಲಿ ಕ್ಯಾನ್ಸರ್ ಇದ್ದರೆ ಸಾನಪಾಡಾದಿಂದ ಹಾರ್ಬರ್ ಲೈನಿನಲ್ಲಿ ಐದನೇ ಸ್ಟೇಷನ್ ಖಾರ್‌ಘರ್, ಅಲ್ಲಿ ಟಾಟಾ ಮೆಮೋರಿಯಲ್‌ನ ಆಕ್ಟ್ರೆಕ್ ಇದೆ. ಜೀನ್ ಸಲಹೆಗಾರರು ನಳಿಕೆ ಕೊಡುವುದಕ್ಕೆ ಮೊದಲು ಒಂದು ಮರ ಬಿಡಿಸುತ್ತಾರೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಬಂದವರಿಗೆ ಒಳಗೆ ಕಪ್ಪು. ನಮ್ಮ ಮನೆಗಳ ಶಜರಾದಲ್ಲಿ ಸಾಮಾನ್ಯವಾಗಿ ಗಂಡಸರ ಹೆಸರುಗಳೇ ಇರುತ್ತವೆ. ಅಲ್ಲಿ ಮಾತ್ರ ಫೂಫಿಯ ಹೆಸರು, ಖಾಲಾಳ ವಯಸ್ಸು, ನಾನಿ ಏನಾಗಿ ತೀರಿಕೊಂಡರು, ಎಲ್ಲ ಕೇಳುತ್ತಾರೆ. ಹೋಗುವ ಮೊದಲು ಅಮ್ಮೀಜಾನ್ ಹತ್ತಿರ ಕೂತು ಬರೆದುಕೊಳ್ಳಿ.